ಮನೆ ಬಾಡಿಗೆಗೆ ಇದೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದಾರೆ. "ಬಾಡಿಗೆಗೆ ಕೊಟ್ಟು ನೋಡು" ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸಬೇಕೆಂದು ನನಗೆ ಈ ವರ್ಷ ತೋರಿತು. ಮೂರು ವರ್ಷಗಳ ಹಿಂದೆ ನಾನು ಕಾಲೇಜಿಗೆ ಸೇರಲು ಬಂದು ಕೋಣೆ ಹುಡುಕುವವನಾಗಿದ್ದೆ. ಇಂದು ನನ್ನ ತಂದೆಯವರೇ ಬಾಡಿಗೆಗೆ ಮನೆ ಕೊಡುವವರಾಗಿದ್ದಾರೆ. ಒಂದೇ ಬಾಗಿಲನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಿದ ಮೇಲೆ ನನ್ನ ಅಲ್ಪಮತಿಗೆ ತೋಚಿದ್ದನ್ನು ವಾಚಕರ ಮುಂದಿಡುತ್ತೇನೆ.

೨೦೦೭ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅವುಗಳ ಹಿಂದೆ ನೌಕರರು ಬಂದರು. ಗೌರಿಬಿದನೂರಿಗೆ ಕಾರ್ಖಾನೆಗಳ ಕೆಲಸಗಾರರು, ಚಿಂತಾಮಣಿಗೆ ವ್ಯಾಪಾರಿಗಳು ಹಾಗೂ ವಿದ್ಯಾರ್ಥಿಗಳು, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಮತ್ತು ನೂಲನ್ನು ನಂಬಿದವರು ಬಂದು ನೆಲೆಸುತ್ತಾರೆ. ಇವರಿಗೆಲ್ಲ ಮನೆ ಒದಗಿಸುತ್ತಿರುವವರು ದೊಡ್ಡ ಶ್ರೀಮಂತರಲ್ಲ. ಸಾಲ ಮಾಡಿ ಮಹಡಿಯ ಮೇಲೆ ಎರಡು ಕೋಣೆ ಎಬ್ಬಿಸಿದ ನಮ್ಮ ತಂದೆಯವರಂಥ ಸಾಮಾನ್ಯರು. ಬಾಡಿಗೆಯ ಹಣ ಅವರಿಗೆ ಸಾಲದ ಕಂತು. ಕೆಲವು ಮನೆಗಳಲ್ಲಿ ಮುದುಕರ ಔಷಧಿಯ ಖರ್ಚು.

ಆದ್ದರಿಂದ ಮಾಲೀಕನ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಾಡಿಗೆ ನಿಂತರೆ ಕಂತು ನಿಲ್ಲುತ್ತದೆ. ಖಾಲಿ ಮಾಡೆಂದರೆ ಮಾಡದವರೂ ಉಂಟು. ಕೋರ್ಟಿಗೆ ಹೋಗೋಣವೆಂದರೆ ಆಯುಷ್ಯ ಸಾಲದು. ಈ ಭಯದಿಂದಲೇ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬೆಂಗಳೂರಿನಿಂದ ನಮ್ಮ ಕಡೆಗೂ ಹಬ್ಬಿದೆ. ಆದರೆ ಕೂಲಿಯವನು ಹತ್ತು ತಿಂಗಳ ಹಣವನ್ನು ಒಟ್ಟಿಗೆ ಎಲ್ಲಿಂದ ತಂದಾನು? ೨೦೨೧ರಲ್ಲಿ ಕೇಂದ್ರ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಸಲ್ಲದೆಂದು ಹೇಳಿದೆ. ಅದು ಮಾದರಿ ಮಾತ್ರ. ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಜಾರಿಗೆ ಬರುತ್ತದೆ. ಆದರೆ ಒಳ್ಳೆಯ ಮಾದರಿಯನ್ನು ಅನುಸರಿಸಲು ಸರ್ಕಾರದ ಅಪ್ಪಣೆಯೇ ಬೇಕೆ?

ಇನ್ನು ಭೋಗ್ಯದ ವಿಷಯ. ಒಂದೇ ಗಂಟಿನಲ್ಲಿ ಹಣ ಪಡೆದು, ತಿಂಗಳ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಟ್ಟು, ಅವಧಿ ಮುಗಿದಾಗ ಹಣ ಹಿಂದಿರುಗಿಸುವ ಏರ್ಪಾಟು ಇದು. ಮೇಲ್ನೋಟಕ್ಕೆ ಇಬ್ಬರಿಗೂ ಲಾಭ. ಆದರೆ ಮಾಲೀಕನು ಆ ಹಣವನ್ನು ಮಗಳ ಮದುವೆಗೋ ಮತ್ತೊಂದು ಮಹಡಿಗೋ ಹಾಕಿರುತ್ತಾನೆ. ಹಿಂದಿರುಗಿಸುವ ದಿನ ಬಂದಾಗ ಹೊಸ ಭೋಗ್ಯದಾರನನ್ನು ಹುಡುಕಿ, ಅವನ ಹಣದಿಂದ ಹಳಬನನ್ನು ಕಳುಹಿಸಬೇಕು. ಮನೆ ಅದಾಗಲೇ ಬ್ಯಾಂಕಿಗೆ ಅಡವಾಗಿದ್ದರಂತೂ ಬಡವನ ಗಂಟು ನೀರಿನಲ್ಲಿ ಹೋಮವಾಗುವ ಅಪಾಯವಿದೆ.

ಹಾಗಾದರೆ ಪರಿಹಾರವೇನು? ಮೊದಲನೆಯದು ಕಾಗದ. ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿತು. ಕರಾರು ಬರವಣಿಗೆಯಲ್ಲಿರಬೇಕೆಂದು ಅದು ಹೇಳುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ೧೯೦೮ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದುದು ಇದರಿಂದಲೇ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುವುದು, ಖಾಲಿ ಮಾಡಲು ಎಷ್ಟು ದಿನ ಮೊದಲು ತಿಳಿಸುವುದು, ಇಷ್ಟನ್ನು ಬರೆದು ಇಬ್ಬರೂ ರುಜು ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಪಡೆದ ಹಣಕ್ಕೆ ರಸೀತಿ ಕೊಡುವುದು ಅಪನಂಬಿಕೆಯ ಗುರುತಲ್ಲ, ಮರ್ಯಾದೆಯ ಗುರುತು. ನಮ್ಮ ತಂದೆಯವರು ಓದಿದವರಲ್ಲ. ಕರಾರನ್ನು ನಾನು ಓದಿ ಹೇಳಿದೆ; ಅವರು ಎರಡು ಬಾರಿ ಕೇಳಿಸಿಕೊಂಡು ಸಹಿ ಮಾಡಿದರು. ನನ್ನ ಬಿ.ಎ. ಮನೆಗೆ ಉಪಯೋಗಕ್ಕೆ ಬಂದ ಮೊದಲ ದಿನ ಅದು.

ಆದರೆ ಯಾವ ಕಾಗದದಲ್ಲಿಯೂ ಬರೆಯದ ಇನ್ನೊಂದು ಷರತ್ತು ನಮ್ಮ ಊರುಗಳಲ್ಲಿ ಉಂಟು. ನಾನು ಕೋಣೆ ಹುಡುಕಿದ ದಿನಗಳಲ್ಲಿ ನನ್ನ ಅಂಕಗಳನ್ನಾಗಲಿ ನಡತೆಯನ್ನಾಗಲಿ ಯಾರೂ ಕೇಳಲಿಲ್ಲ. "ನೀವು ಯಾವ ಜನ?" ಎಂದು ಮಾತ್ರ ಕೇಳಿದರು. ಉತ್ತರ ಹೇಳಿದ ಮೇಲೆ, ಖಾಲಿಯಿದ್ದ ಮನೆ ಒಂದೇ ನಿಮಿಷದಲ್ಲಿ "ನೆಂಟರಿಗೆ ಹೇಳಿಬಿಟ್ಟಿದ್ದೇವೆ" ಎಂದಾಯಿತು. ಸಂವಿಧಾನದ ೧೫ನೆಯ ಅನುಚ್ಛೇದವು ಜಾತಿಯ ಕಾರಣದಿಂದ ಅಂಗಡಿ, ಹೋಟೆಲು, ಬಾವಿ, ಕೆರೆಗಳಿಂದ ಯಾರನ್ನೂ ತಡೆಯಬಾರದೆಂದು ಹೆಸರಿಟ್ಟು ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಕಾನೂನು ಹೆಸರಿಸದೆ ಬಿಟ್ಟಲ್ಲಿ ಮನುಷ್ಯನ ಮನಸ್ಸು ಹೇಗಿದೆಯೆಂಬುದು ಗೊತ್ತಾಗುತ್ತದೆ.

ಇದನ್ನು ಬೇರೆಯವರ ತಪ್ಪೆಂದು ಬರೆದು ಮುಗಿಸಬಹುದಾಗಿತ್ತು. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ಮಹಡಿಯನ್ನು ನೋಡಲು ಒಬ್ಬ ಯುವಕನು ಹೆಂಡತಿಯೊಡನೆ ಬಂದಾಗ, ನಮ್ಮ ತಾಯಿಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆಯನ್ನು ಕೇಳಿದರು. ನಾನು ಅವರನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನನ್ನನ್ನೂ ಹೀಗೆಯೇ ಕೇಳಿದ್ದರು" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತದೆ, ಹಿಡಿದಿಟ್ಟುಕೊಳ್ಳಮ್ಮ" ಎಂದು ಆ ಹೆಣ್ಣುಮಗಳಿಗೆ ಹೇಳಿದರು. ಅವರು ಇಂದಿಗೂ ನಮ್ಮ ಮಹಡಿಯಲ್ಲಿದ್ದಾರೆ. ಒಂದು ತಿಂಗಳು ಬಾಡಿಗೆ ತಡವಾಯಿತು, ಹೇಳಿಯೇ ತಡಮಾಡಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಹೊರಟ ಡಾ. ಎಚ್. ನರಸಿಂಹಯ್ಯನವರು ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಆದರೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ಹಳ್ಳಿಯ ಹುಡುಗನಿಗೆ ಪಟ್ಟಣದಲ್ಲಿ ತಲೆಯೂರಲು ಒಂದು ಕೋಣೆ ಸಿಕ್ಕರೆ ಅವನು ಎಲ್ಲಿಯವರೆಗೆ ಹೋಗಬಲ್ಲನೆಂಬುದಕ್ಕೆ ನಮ್ಮ ಜಿಲ್ಲೆಗೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮಲ್ಲಿ ಅನೇಕರು ಮುಂದೆ ಮನೆ ಕಟ್ಟುವವರು; ಬಾಡಿಗೆಗೆ ಕೊಡುವವರೂ ಆಗುವರು. ಅಂದು "ಮನೆ ಬಾಡಿಗೆಗೆ ಇದೆ" ಎಂದು ಗೋಡೆಗೆ ಹಲಗೆ ತೂಗುಹಾಕುವಾಗ, ಬಾಡಿಗೆ ಕೊಡಬಲ್ಲೆಯಾ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವೆಯಾ ಎಂಬ ಎರಡು ಪ್ರಶ್ನೆಗಳನ್ನು ಕೇಳೋಣ. ಮೂರನೆಯದನ್ನು ಕೇಳದಿರೋಣ.