ಅಡುಗೆಯೂ ಪಾಠವಾಗಲಿ

ಶಾಲೆಗಳ ವೃತ್ತಿಪರಿಚಯ ಮೇಳದಲ್ಲಿ ಪೌಷ್ಟಿಕ ಆಹಾರ ತಯಾರಿಯ ಸ್ಪರ್ಧೆಯಿದೆ. ಮಕ್ಕಳು ಮನೆಯಲ್ಲಿ ಕಲಿತುದನ್ನು ಮಾಡಿ ತೋರಿಸುತ್ತಾರೆ. ಕಲಿಸಿದವರು ತಾಯಂದಿರು, ಬಹುಮಾನ ಶಾಲೆಗೆ! ಎಂಟರಿಂದ ಹತ್ತನೆಯ ತರಗತಿಯವರೆಗೆ ವಾರಕ್ಕೆ ಎರಡು ಪಿರಿಯಡ್ ಆದರೂ ಅಡುಗೆಯನ್ನು ಶಾಲೆಯೇ ಕೈಯಾರೆ ಮಾಡಿಸಿ ಕಲಿಸಬೇಕೆಂಬುದು ನಮ್ಮ ಒತ್ತಾಯ.

ಇದು ಹುಡುಗಿಯರಿಗೆ ಮಾತ್ರ ಎಂದಾದರೆ ಬೇಡವೇ ಬೇಡ. ಮದುವೆ, ಉಪನಯನಗಳಲ್ಲಿ ಸಾವಿರ ಎಲೆಗೆ ಬಡಿಸುವಷ್ಟು ಬೇಯಿಸುವ ನಮ್ಮ ಅಡುಗೆ ಭಟ್ಟರು ಗಂಡಸರೇ ತಾನೆ? ತಂದೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಚಿತ್ರ 2024ರಲ್ಲಿ ಕೇರಳದ ಮೂರನೆಯ ತರಗತಿಯ ಪಠ್ಯಪುಸ್ತಕದಲ್ಲಿ ಬಂತು. ಒಳ್ಳೆಯದು. ಆದರೆ ಚಿತ್ರದಿಂದ ಹೆರೆಮಣೆಯಲ್ಲಿ ಕೂರಲು ಬರುವುದಿಲ್ಲ.

2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡುದನ್ನು ಓದುಗರು ಮರೆತಿರಲಾರರು. ಬೆಂದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಲ್ಲವೇ 5 ಡಿಗ್ರಿಗಿಂತ ತಂಪಾಗಿ ಇಡಬೇಕು, ಹಸಿ ಮಾಂಸ ಕೊಯ್ದ ಹಲಗೆಯಲ್ಲಿ ಸೌತೆಕಾಯಿ ಕೊಯ್ಯಬಾರದು. ನಾಳೆ ಹೋಟೆಲಿನಲ್ಲಿ ತಿನ್ನುವವರೂ ದುಡಿಯುವವರೂ ಇದೇ ಮಕ್ಕಳು. ಇಷ್ಟನ್ನಾದರೂ ತಿಳಿದು ಹೊರಬರಬೇಡವೇ?

ಇನ್ನು ಹಲಸು. 2018ರಲ್ಲಿ ಸರಕಾರ ಅದನ್ನು ರಾಜ್ಯದ ಹಣ್ಣೆಂದು ಘೋಷಿಸಿತು; ನಮ್ಮ ತೋಟಗಳಲ್ಲಿ ಅದು ಬಿದ್ದು ಕೊಳೆಯುತ್ತಲೇ ಇದೆ. ಹಪ್ಪಳಕ್ಕೆ ಎಷ್ಟು ಬಲಿತ ಸೊಳೆ ಬೇಕು, ಉಪ್ಪುಸೊಳೆಯ ಭರಣಿಗೆ ನೀರಿನ ಪಸೆ ಏಕೆ ತಾಗಬಾರದು ಎಂಬುದು ಅಜ್ಜಿಯಂದಿರಿಗೆ ಗೊತ್ತು. ಉಪ್ಪು ಕೊಳೆತವನ್ನು ತಡೆಯುವ ಬಗೆ ವಿಜ್ಞಾನದ ಮಾಸ್ತರಿಗೆ ಗೊತ್ತು. ಇಬ್ಬರನ್ನೂ ಒಂದೇ ಕೋಣೆಗೆ ಕರೆತಂದರೆ ಪಾಠ ತಾನಾಗಿ ನಡೆದೀತು. ಕೊಬ್ಬರಿ ಚಿಪ್ಸ್, ಕಲ್ಪರಸಗಳ ತಯಾರಿಯನ್ನು ರೂಪಿಸಿದ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯೂ ಕಾಸರಗೋಡಿನಲ್ಲೇ ಇದೆ.

ಖರ್ಚಿನ ನೆಪ ಸಲ್ಲದು. ಎಂಟನೆಯ ತರಗತಿಯವರೆಗೆ ಮಧ್ಯಾಹ್ನದೂಟವಿರುವುದರಿಂದ ಹೈಸ್ಕೂಲುಗಳಲ್ಲೂ ಅಡುಗೆಕೋಣೆಗಳಿವೆ. ಊಟದ ನಂತರ ಅವು ಖಾಲಿ.

ನಮಗೆ ಭಯವಿರುವುದು ಬೇರೆಡೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವುದು ಇಲ್ಲಿ ಹೊಸತಲ್ಲ. ಗಣಿತ ಅರ್ಥವಾಗದಿದ್ದರೆ ಅಂಕ ಹೋದೀತು, ಕಾದ ಎಣ್ಣೆಯ ಮುಂದೆ ಹೇಳಿದ್ದು ಅರ್ಥವಾಗದಿದ್ದರೆ ಕೈಯೇ ಸುಟ್ಟೀತು. ಆದುದರಿಂದ ಕಲಿಸುವವರು ಕನ್ನಡ ಬಲ್ಲವರೇ ಆಗಬೇಕು. ಊರಿನ ಅಡುಗೆಯವರನ್ನು, ಕುಟುಂಬಶ್ರೀಯ ಮಹಿಳೆಯರನ್ನು ಗೌರವಧನ ಕೊಟ್ಟು ಕರೆಯಲು ಅಡ್ಡಿಯೇನು? ಮೇಲಾರ, ಪತ್ರೊಡೆ, ಕೊದ್ದೆಲುಗಳ ಹೆಸರೂ ಆಗ ಮಕ್ಕಳ ನಾಲಗೆಯಲ್ಲಿ ಉಳಿದಾವು.

ರಕ್ಷಕ-ಶಿಕ್ಷಕ ಸಂಘಗಳು ಮುಂದಿನ ಸಭೆಯಲ್ಲಿಯೇ ಠರಾವು ಮಾಡಿ ಜಿಲ್ಲಾ ಪಂಚಾಯತಿಗೆ ಕಳುಹಿಸಲಿ.