ಓದಿ ಏನು ಮಾಡುತ್ತೀರಿ?

ಮೊನ್ನೆ ಮಧ್ಯಾಹ್ನ ಅಡುಗೆಮನೆ ಒರೆಸಿ, ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'ಯ ಒಂದು ಸಂಪುಟ ಹಿಡಿದು ಜಗಲಿಯಲ್ಲಿ ಕುಳಿತಿದ್ದೆ. ಮದುವೆಗೆ ಕರೆಯಲು ಬಂದ ನೆಂಟರೊಬ್ಬರು ಪುಸ್ತಕದತ್ತ ಬಗ್ಗಿ ನೋಡಿ ನಕ್ಕರು. "ಏನಮ್ಮಾ, ಮೊಮ್ಮಕ್ಕಳಿಗೆ ಹೇಳೋದಕ್ಕೆ ತಯಾರಿಯೋ?" ಅಂದರು. "ಇಲ್ಲ, ನನಗೇ" ಎಂದೆ. ಅವರ ಮುಖದಲ್ಲಿ ಕನಿಕರ ಮೂಡಿತು. "ಈ ವಯಸ್ಸಿನಲ್ಲಿ ಇದನ್ನೆಲ್ಲ ಓದಿ ಏನು ಮಾಡ್ತೀರಿ? ಭಗವದ್ಗೀತೆ ಓದಬಾರದೇ?"

ಈ ಪ್ರಶ್ನೆ ನನಗೆ ಹೊಸದೇನಲ್ಲ. ಹದಿನಾರರಲ್ಲಿ ತ್ರಿವೇಣಿಯವರ ಕಾದಂಬರಿ ಹಿಡಿದಾಗ "ಪರೀಕ್ಷೆಗೆ ಬರುತ್ತಾ ಇದು?" ಎಂದು ಕೇಳಿದರು. ಮದುವೆಯಾದ ಮೇಲೆ "ಹಾಲು ಉಕ್ಕಿಹೋದರೆ ನಿನ್ನ ಕಾದಂಬರಿ ತಂದುಕೊಡುತ್ತಾ?" ಎಂದರು. ಈಗ ಅರವತ್ತು ದಾಟಿದೆ, ಪುಣ್ಯ ಬರುತ್ತದೆಯೇ ಎಂದು ಕೇಳುತ್ತಿದ್ದಾರೆ. ಗಂಡಸರು ದಿನವಿಡೀ ಕ್ರಿಕೆಟ್ ನೋಡಲಿ, ರಾತ್ರಿಯಿಡೀ ಇಸ್ಪೀಟು ಆಡಲಿ, "ಏನು ಮಾಡ್ತೀರಿ" ಎಂದು ಕೇಳುವವರಿಲ್ಲ. ಹೆಂಗಸಿನ ಕೈಯಲ್ಲಿ ಕಥೆಪುಸ್ತಕ ಕಂಡರೆ ಮಾತ್ರ ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು.

ಇದು ಸಾಲದೆಂಬಂತೆ ನಮ್ಮ ಕೆಲವು ಪಂಡಿತರು ಲೇಖಕಿಯರ ಬರಹಕ್ಕೆ 'ಅಡುಗೆಮನೆ ಸಾಹಿತ್ಯ' ಎಂಬ ಹೆಸರಿಟ್ಟರು. ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ' ಬರೆದರು. ವಿಧವೆಯ ಮರುಮದುವೆಯ ಕಥೆ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಗೌರವ ಪಡೆಯಿತು. ಪಡೆಯಲೇಬೇಕಾದದ್ದೇ. ನಲವತ್ತೈದು ದಾಟಿದ ಮೇಲೆ, 1963ರಲ್ಲಿ, ಮೊದಲ ಕಾದಂಬರಿ 'ತುಂಗಭದ್ರಾ' ಹೊರತಂದ ಎಂ.ಕೆ. ಇಂದಿರಾ 1976ರಲ್ಲಿ 'ಫಣಿಯಮ್ಮ' ಕೊಟ್ಟರು. ಅದೂ ಬಾಲವಿಧವೆಯ ಬದುಕೇ. ಗಂಡಸು ಬರೆದರೆ ಸಮಾಜ ಸುಧಾರಣೆ, ಹೆಂಗಸು ಬರೆದರೆ ಅಡುಗೆಮನೆಯೇ? ಇರಲಿ. ಆ ಅಡುಗೆಮನೆಯಲ್ಲಿ ಏನು ನಡೆಯುತ್ತದೆಂದು ನಾನು ಹೇಳುತ್ತೇನೆ, ಕೇಳಿ.

1984ರ ಮಾತು. ನನ್ನ ನಾದಿನಿ ಎರಡನೆಯ ಹೆರಿಗೆಗೆ ತವರಿಗೆ, ಅಂದರೆ ನಮ್ಮ ಮನೆಗೆ ಬಂದಿದ್ದಳು. ಸುಖವಾಗಿ ಹೆರಿಗೆಯಾಯಿತು. ಮೂರನೆಯ ವಾರಕ್ಕೆ ಅವಳ ನಿದ್ರೆ ಹೋಯಿತು. ಮಗುವನ್ನು ನೋಡಲೊಲ್ಲಳು. ಬಾವಿಕಟ್ಟೆಯಿಂದ ಯಾರೋ ಕರೆಯುತ್ತಾರೆ ಎನ್ನುವಳು. ಗಾಳಿ ಸೋಕಿದೆ ಎಂದು ಮನೆಯ ಹಿರಿಯರು ತೀರ್ಮಾನಿಸಿ, ಮಂತ್ರವಾದಿಗೆ ಹೇಳಿಕಳಿಸಿದರು. ಆ ರಾತ್ರಿ ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿ, ಸಣ್ಣ ದನಿಯಲ್ಲಿ ಕೇಳಿದರು: "ಶರಪಂಜರದ ಕಾವೇರಿಗೂ ಬಾಣಂತಿತನದಲ್ಲಿ ಹೀಗೇ ಆಗಿತ್ತಲ್ವೇನೇ?"

ನಾನು ದಂಗಾಗಿ ನಿಂತೆ. 'ಶರಪಂಜರ' ಸಿನಿಮಾ ಆಗಿತ್ತು ನಿಜ, ಆದರೆ ಅತ್ತೆ ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ. ನಾನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಅಡಗಿಸಿಡುತ್ತಿದ್ದ ಕಾದಂಬರಿಗಳನ್ನು, ನನ್ನನ್ನು ಬೈಯುತ್ತಿದ್ದ ಅದೇ ಅತ್ತೆ ಉಗ್ರಾಣದಲ್ಲಿ ಕುಳಿತು ಓದುತ್ತಿದ್ದರು! ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ನಾದಿನಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೊರಟೆವು. ಇದು ಕಾಯಿಲೆ, ಗುಣವಾಗುತ್ತದೆ ಎಂದರು ವೈದ್ಯರು. ಗುಣವಾಯಿತು.

ಕಾದಂಬರಿಯಲ್ಲಿ ಕಾವೇರಿ ಗುಣವಾಗಿ ಬಂದರೂ ಅವಳ ಮನೆ, ಅವಳ ಊರು ಗುಣವಾಗಿರುವುದಿಲ್ಲ. ಅತ್ತೆಗೆ ಅದೂ ನೆನಪಿತ್ತು. ಮಗಳು ಮನೆಗೆ ಬಂದ ಮೊದಲ ದಿನವೇ ಮಗುವನ್ನು ಅವಳ ಮಡಿಲಲ್ಲಿಟ್ಟು, ತಾವು ಪಕ್ಕದಲ್ಲೇ ಕುಳಿತರು. 'ಹುಚ್ಚು' ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದರು. ಅಳಿಯ ಬಂದಾಗ ಕಾಫಿಯ ಜೊತೆ ಆ ಪುಸ್ತಕವನ್ನೂ ಮುಂದಿಟ್ಟು, "ಓದಿಬಿಟ್ಟು ಕರೆದುಕೊಂಡು ಹೋಗಿ" ಅಂದರು.

ಇದನ್ನು ಬರೆದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ.

ಬಹಳ ವರ್ಷ ಈ ಘಟನೆಯನ್ನೇ ಸಾಕ್ಷಿಯಾಗಿಟ್ಟು, ನೋಡಿ, ಕಾದಂಬರಿಯಿಂದಲೂ ಉಪಯೋಗವಿದೆ ಎಂದು ವಾದಿಸುತ್ತಿದ್ದೆ. ಈಗ ಆ ವಾದವೇ ಸೋಲು ಅನಿಸುತ್ತದೆ. ಅತ್ತೆ ಉಪಯೋಗಕ್ಕೆಂದು ಓದಿದವರಲ್ಲ. ಅಕ್ಕಿ ಡಬ್ಬಕ್ಕೆ ಒರಗಿ, ಮಂದ ಬೆಳಕಿನಲ್ಲಿ, ಬರೀ ಸುಖಕ್ಕೆ ಓದಿದರು. ಸುಖಪಟ್ಟು ಓದಿದ್ದರಿಂದಲೇ ಕಾವೇರಿ ಅವರ ಮನಸ್ಸಿನಲ್ಲಿ ಉಳಿದಳು. ಬಾಣಂತಿಯರ ಕಾಯಿಲೆಗಳ ಪುಸ್ತಕ ಕೊಟ್ಟಿದ್ದರೆ ಅವರು ಎರಡು ಪುಟವನ್ನೂ ಮಗುಚುತ್ತಿರಲಿಲ್ಲ.

ಹೆಂಗಸರಿಗೆ ಕೇಳುವ ಈ ಪ್ರಶ್ನೆಯನ್ನೇ ನಾವು ಮಕ್ಕಳಿಗೂ ಕೇಳುತ್ತೇವಲ್ಲ! ಮೊಮ್ಮಗಳ ಹೋಂವರ್ಕ್ ನೋಡಿದೆ: ಕಥೆ ಓದಿ ನೀತಿ ಬರೆಯಬೇಕು. ಅವಳು ಕಥೆಯನ್ನು ಹಾರಿಸಿ ಕೊನೆಯ ಸಾಲಿನಿಂದ ನೀತಿ ನಕಲು ಮಾಡುತ್ತಿದ್ದಳು. ನಾವು ಕಾಯುತ್ತಿದ್ದ 'ಚಂದಮಾಮ' ಈಗ ಬರುವುದಿಲ್ಲ. ಅದರ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದ. ರಾಜ ಉತ್ತರ ಹೇಳಿದರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತಿದ್ದ. ನೀತಿ ಗಂಟು ಕಟ್ಟಿ ಕೊಡುತ್ತಿರಲಿಲ್ಲ. ಮುಂದಿನ ತಿಂಗಳವರೆಗೆ ನಾವು ಜಡೆ ಹೆಣೆಯುವಾಗಲೂ ನ್ಯಾಯ ಅನ್ಯಾಯ ಚರ್ಚಿಸುತ್ತಿದ್ದೆವು. ವೈದ್ಯೆಯಾಗಿದ್ದ ಅನುಪಮಾ ವರ್ಷವಿಡೀ ದಿನಕ್ಕೊಂದರಂತೆ ಓದಲು 12 ಸಂಪುಟ ಕಥೆ ಬರೆದದ್ದು ಮಕ್ಕಳ ಸಂತೋಷಕ್ಕೆ ತಾನೇ? ಆ ಸಂತೋಷಕ್ಕೆ ವಯಸ್ಸಿನ ಗಡಿ ಹಾಕಿದವರು ಯಾರು?

ಭಗವದ್ಗೀತೆಯನ್ನು ನಾನೂ ಓದುತ್ತೇನೆ. ಆದರೆ ಅದನ್ನು ನನ್ನ ಕಥೆಪುಸ್ತಕದ ಮೇಲೆ ಎತ್ತಿದ ಬೆತ್ತದಂತೆ ಹಿಡಿಯುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಮೊನ್ನೆಯ ನೆಂಟರಿಗೂ ಕೊಡಲಿಲ್ಲ. ಕುಂಕುಮ ತೆಗೆದುಕೊಂಡು, ಕಾಫಿ ಕೊಟ್ಟು ಕಳಿಸಿ, ಅರ್ಧಕ್ಕೆ ನಿಂತ ಕಥೆಗೆ ಮರಳಿದೆ. ನೀವೂ ಲೆಕ್ಕ ಒಪ್ಪಿಸಬೇಡಿ. ನನ್ನ ಅತ್ತೆಯ ಹಾಗೆ ಉಗ್ರಾಣದಲ್ಲಿ ಕದ್ದು ಓದಬೇಡಿ. ಜಗಲಿಯಲ್ಲಿ, ನಾಲ್ಕು ಜನರ ಕಣ್ಣಿಗೆ ಕಾಣುವಂತೆ ಕುಳಿತು ಓದಿ. ಒಳಗೆ ಹಾಲು ಉಕ್ಕಿದರೆ, ಮನೆಯಲ್ಲಿ ಇನ್ನೂ ಜನರಿದ್ದಾರೆ. ಅವರು ಎದ್ದು ಒಲೆ ಆರಿಸಲಿ.