ಹೇಮಕೂಟದ ಸೆಲ್ಫಿಯಲ್ಲಿ ಕಾಣದ ಕಂಪಿಲರಾಯ

ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತೋದು, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು ಒಗ್ಗರಣೆ-ಮಿರ್ಚಿ ತಿನ್ನೋದು, ಸಂಜೆ ಹೇಮಕೂಟ ಗುಡ್ಡದ ಮೇಲೆ ಸೂರ್ಯಾಸ್ತದ ಫೋಟೊ ತೆಗೆದು 'ವಿಜಯನಗರದ ಗತವೈಭವ' ಅಂತ ಕ್ಯಾಪ್ಶನ್ ಹಾಕೋದು. ನಾನೂ ಹಾಕಿದ್ದೇನೆ ಬಿಡಿ. ಆದರೆ ಆ ಫೋಟೊದಲ್ಲಿ ನಮ್ಮ ಬೆನ್ನ ಹಿಂದೆ ಕಾಣುವ ಗುಡಿಗಳೆಲ್ಲ ವಿಜಯನಗರದವಲ್ಲ. ಅಲ್ಲಿನ ಒಂದು ತ್ರಿಕೂಟ ಗುಡಿಯ ಶಾಸನ ಬೇರೆ ಹೆಸರು ಹೇಳುತ್ತದೆ: ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ. ಶಿವಾಲಯ ಕಟ್ಟಿಸಿ ಮೂರು ಲಿಂಗ ಸ್ಥಾಪಿಸಿದವನು ಅವನು. ಆಗಿನ್ನೂ ವಿಜಯನಗರ ಹುಟ್ಟಿರಲಿಲ್ಲ.

1336 ನಮಗೆ ಬಾಯಿಪಾಠ. 1565 ಅಂದರೆ ಕಣ್ಣೀರು. 1327 ಅಂದರೆ? 'ಅವತ್ತೇನಾಯ್ತು?' ಅಂತ ಕೇಳುತ್ತೇವೆ. ಅವತ್ತು ಕಂಪಿಲಿ ರಾಜ್ಯ ಬಿತ್ತು. ಅದು ಬೀಳದಿದ್ದರೆ ನಾವು ನೋಡಲು ಹೋಗುವ ಹಂಪಿ ಇರುತ್ತಿತ್ತಾ ಅನ್ನೋದೇ ಅನುಮಾನ.

ವಾಟ್ಸ್ಆ್ಯಪ್ ಈ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ: ದೆಹಲಿಯ ತುರ್ಕರು ಬಂದರು, ನಮ್ಮವರು ಹೋರಾಡಿ ಸತ್ತರು, ಅದಕ್ಕೇ ಹಿಂದೂ ಸಾಮ್ರಾಜ್ಯ ಹುಟ್ಟಿತು. ಸ್ವಾಮಿ, ಸ್ವಲ್ಪ ತಾಳಿ. ಸೈನ್ಯ ಬಂದದ್ದು ಯಾಕೆ ಅಂತ ಕೇಳಿ. ಮುಹಮ್ಮದ್ ಬಿನ್ ತುಘಲಕ್‌ನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಸಗರದಲ್ಲಿ ಬಂಡೆದ್ದ, ಸೋತ, ಓಡಿ ಬಂದು ಕಂಪಿಲರಾಯನ ಮರೆಹೊಕ್ಕ. ಕಂಪಿಲ ಅವನನ್ನು ಒಪ್ಪಿಸಲಿಲ್ಲ. ಯುದ್ಧ ಆದದ್ದು ಅದಕ್ಕೆ. ಅಂದರೆ ಈ ನೆಲದ ಒಬ್ಬ ಶಿವಭಕ್ತ ರಾಜ, ಮರೆಹೊಕ್ಕ ಒಬ್ಬ ಮುಸ್ಲಿಮನಿಗಾಗಿ ರಾಜ್ಯ ಕಳೆದುಕೊಂಡ. ಫಾರ್ವರ್ಡ್ ಮೆಸೇಜಿನಲ್ಲಿ ಈ ಸಾಲು ಯಾಕೆ ಇರುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಹಾಗಂತ ಕಂಪಿಲನನ್ನು ಸಂತ ಮಾಡುವುದೂ ಬೇಡ. ದೆಹಲಿಗೆ ಎದುರಾಗಿ ನಿಂತವನ ರಾಜಕೀಯ ಲೆಕ್ಕವೂ ಅದರಲ್ಲಿ ಇದ್ದಿರಬಹುದು. ಆದರೆ ಲೆಕ್ಕ ತಪ್ಪಿತು ಅಂತ ಗೊತ್ತಾದ ಮೇಲೂ ಅವನು ಅತಿಥಿಯನ್ನು ಹಿಡಿದುಕೊಡಲಿಲ್ಲ, ದೋರಸಮುದ್ರಕ್ಕೆ ದಾಟಿಸಿದ. ಆಮೇಲಿನದನ್ನು ಇಬ್ನ್ ಬತೂತ ಬರೆದಿದ್ದಾನೆ: ಹೆಂಗಸರು ಬೆಂಕಿಗೆ ಬಿದ್ದರು, ರಾಜ ಕಾದಾಡಿ ಸತ್ತ, ಹನ್ನೊಂದು ಗಂಡುಮಕ್ಕಳು ಸೆರೆಯಾಗಿ ಮತಾಂತರಗೊಂಡರು. ಅವರಲ್ಲಿ ಮೂವರನ್ನು ತಾನೇ ಕಂಡಿದ್ದೆ ಅನ್ನುತ್ತಾನೆ. ಆ ಬೆಂಕಿಯನ್ನು ರೀಲ್ಸ್ ಮಾಡಿ ಹೊಗಳುವವರಿಗೆ ಒಂದು ಮಾತು: ಶರಣಾರ್ಥಿಯನ್ನು ಇಟ್ಟುಕೊಳ್ಳೋಣವೇ ಅಂತ ಆ ಹೆಂಗಸರನ್ನು ಯಾರಾದರೂ ಕೇಳಿದ್ದರಾ?

ದೋರಸಮುದ್ರದಲ್ಲಿ ಏನಾಯ್ತು? ಹೊಯ್ಸಳ ಮೂರನೇ ಬಲ್ಲಾಳ 'ಪ್ರಾಕ್ಟಿಕಲ್' ಮನುಷ್ಯ, ನಮ್ಮ ಹಾಗೆ. ಗುರ್ಶಾಸ್ಪನನ್ನು ದೆಹಲಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಹದಿನೈದು-ಹದಿನಾರು ವರ್ಷದ ನಂತರ ಮಧುರೆ ಸುಲ್ತಾನನ ಕೈಗೆ ಸಿಕ್ಕ ಬಲ್ಲಾಳನ ಚರ್ಮಕ್ಕೂ ಹುಲ್ಲು ತುಂಬಿ ಕೋಟೆ ಗೋಡೆಗೆ ತೂಗುಹಾಕಿದರು. ಹೊಂದಾಣಿಕೆ ಮಾಡಿಕೊಂಡು ಅವನು ಗಳಿಸಿದ್ದು ಅಷ್ಟು ಕಾಲ ಮಾತ್ರ.

ಇನ್ನು ಸಾಮ್ರಾಜ್ಯದ ಮಾತು. ಕಂಪಿಲಿಯನ್ನು ಗೆದ್ದ ದೆಹಲಿಗೆ ಅದನ್ನು ಆಳಲು ಆಗಲಿಲ್ಲ. ಅಷ್ಟು ದೂರದಿಂದ, ಅಧಿಕಾರಿಗಳನ್ನು ನಂಬದೆ, ತುಂಗಭದ್ರೆಯ ದಡ ಹಿಡಿದಿಡುವುದು ಸುಲಭವಲ್ಲ. ಆ ಖಾಲಿ ಜಾಗದಲ್ಲಿ, ಒಂಬತ್ತೇ ವರ್ಷಕ್ಕೆ, ಹರಿಹರ-ಬುಕ್ಕರು ಎದ್ದರು. ಅವರು ಮೊದಲು ಕಂಪಿಲನ ಬಳಿ ಇದ್ದರೇ, ದೆಹಲಿಗೆ ಸೆರೆ ಹೋಗಿ ಮತಾಂತರವಾಗಿದ್ದರೇ ಅಂತ ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ಆದರೆ ಅದೇ ಹೊಳೆ, ಅದೇ ಆನೆಗೊಂದಿ, ಅದೇ ಬಂಡೆಗಳು. ಅದೇ ಖಾಲಿ ಜಾಗದ ಉತ್ತರಕ್ಕೆ, 1347ರಲ್ಲಿ, ದೆಹಲಿಯದೇ ಅಧಿಕಾರಿಗಳು ದಂಗೆ ಎದ್ದು ಬಹಮನಿ ರಾಜ್ಯ ಕಟ್ಟಿದರು. ಗುರ್ಶಾಸ್ಪ್ ಇಪ್ಪತ್ತು ವರ್ಷ ಮೊದಲೇ ಮಾಡಹೊರಟದ್ದೂ ಅದನ್ನೇ. ವಿಜಯನಗರ, ಬಹಮನಿ ಎರಡೂ ಒಂದೇ ದೆಹಲಿಯ ಸೋಲಿನ ಮಕ್ಕಳು. ಒಂದನ್ನು ನಮ್ಮದು, ಇನ್ನೊಂದನ್ನು ಪರರದು ಅಂತ ಹಂಚಿಕೊಂಡದ್ದು ನಾವು, ಆಮೇಲೆ.

ಜನ ಮಾತ್ರ ಮರೆತಿಲ್ಲ. ಕಂಪಿಲನ ಮಗ ಕುಮಾರರಾಮನನ್ನು ಹಳ್ಳಿಗಳಲ್ಲಿ ಇನ್ನೂ ಪೂಜಿಸುತ್ತಾರೆ. ನಂಜುಂಡನಂಥ ಕವಿಗಳ ಸಾಂಗತ್ಯಗಳಲ್ಲೂ ಆ ಅತಿಥಿ ಬಹಾದುರಖಾನನಾಗಿ ಬರುತ್ತಾನೆ, ರಾಮ ಅವನಿಗೆ ಅಭಯ ಕೊಡುತ್ತಾನೆ. ಹಾಡು ಕಟ್ಟಿದವರಿಗೆ ಅದು ಮುಚ್ಚಿಡುವ ವಿಷಯ ಅನ್ನಿಸಲಿಲ್ಲ, ಹೆಮ್ಮೆಯ ವಿಷಯವಾಗಿತ್ತು.

ಮರೆತವರು ನಾವು ಓದಿದವರು, ಜೊತೆಗೆ ಸರ್ಕಾರ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತಲ್ಲ, ಕಂಪ್ಲಿ ಅದರಲ್ಲಿಲ್ಲ, ಬಳ್ಳಾರಿಯಲ್ಲೇ ಉಳಿಯಿತು. ಕಂಪಿಲನ ಹೊಸಮಲೆದುರ್ಗ ಇದ್ದ ಸಂಡೂರಿನ ಗುಡ್ಡಗಳೂ ಬಳ್ಳಾರಿಗೆ. ಕುಮ್ಮಟದುರ್ಗ ಕೊಪ್ಪಳಕ್ಕೆ. ಇದು ಆಡಳಿತದ ಗೆರೆ, ಒಪ್ಪುತ್ತೇನೆ. ಆದರೆ ನಮ್ಮ ತಲೆಯೊಳಗೂ ಅದೇ ಗೆರೆ ಇರಬೇಕಾ?

ಮುಂದಿನ ಸಲ ಹೇಮಕೂಟ ಹತ್ತಿದಾಗ ಕ್ಯಾಮೆರಾ ತೆಗೆಯುವ ಮೊದಲು ಆ ಮೂರು ಗರ್ಭಗುಡಿಯ ಗುಡಿಯೊಳಗೆ ಒಮ್ಮೆ ಹೋಗಿ ಬನ್ನಿ. ಸಾಧ್ಯವಾದರೆ ಅರ್ಧ ದಿನ ಕಂಪ್ಲಿಗೂ ಕೊಡಿ. ಕ್ಯಾಪ್ಶನ್ ಹಾಕಲೇಬೇಕಿದ್ದರೆ, ಇದನ್ನು ಕಟ್ಟಿಸಿದವನು ಮರೆಹೊಕ್ಕವನನ್ನು ಬಿಟ್ಟುಕೊಡದೆ ಸೋತ ಅಂತ ಬರೆಯಿರಿ. ಲೈಕ್ ಕಡಿಮೆ ಬರಬಹುದು, ಬರಲಿ.